ಸೂರ್ಯಾಸ್ತದ ಮುಂಚಿನ ಊಟ ಮತ್ತು ನಮ್ಮ ಮನೆಗಳ ಮಾತು



ಹೋದ ವರ್ಷ ಬೆಂಗಳೂರಿನ ಮಗನ ಮನೆಯಲ್ಲಿ ಕೆಲವು ದಿನ ಇದ್ದಾಗ, ಮೂರನೆಯ ತರಗತಿಯ ಮೊಮ್ಮಗ ತನ್ನ ನೋಟ್‌ಬುಕ್ ತಂದು ತೋರಿಸಿದ. ಶಾಲೆಯಲ್ಲಿ ‘ನಮ್ಮ ಮನೆಯ ಊಟ’ ಎಂದು ಹತ್ತು ವಾಕ್ಯ ಬರೆಯಲು ಹೇಳಿದ್ದರಂತೆ. ಹುಡುಗ ಬರೆದಿದ್ದ: ನಾವು ಜೈನರು. ನಾವು ಮಾಂಸ ತಿನ್ನುವುದಿಲ್ಲ. ಮೊಟ್ಟೆ ತಿನ್ನುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ. ಆಲೂಗಡ್ಡೆ ತರುವುದಿಲ್ಲ. ಜೇನುತುಪ್ಪ ಮುಟ್ಟುವುದಿಲ್ಲ. ಕತ್ತಲಾದ ಮೇಲೆ ಉಣ್ಣುವುದಿಲ್ಲ. ಹೀಗೆ ಹತ್ತರಲ್ಲಿ ಎಂಟು ವಾಕ್ಯ ‘ಇಲ್ಲ’ ಎಂದೇ ಮುಗಿದಿದ್ದವು.

ಒಂದೂ ಸುಳ್ಳಲ್ಲ. ಆದರೆ ಆ ಪುಟದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಯಾರು ಬಡಿಸುತ್ತಾರೆ, ಯಾರ ಪಕ್ಕ ಯಾರು ಕೂರುತ್ತಾರೆ, ಊಟ ಮಾಡುತ್ತ ಏನು ಮಾತಾಡುತ್ತಾರೆ, ಏನೂ ಇಲ್ಲ. ‘ನೀನು ಸಂಜೆ ಯಾರ ಜೊತೆ ಉಣ್ತೀಯಪ್ಪಾ?’ ಎಂದು ಕೇಳಿದೆ. ‘ಅಡುಗೆ ಆಂಟಿ ಐದೂವರೆಗೆ ಹಾಕಿಕೊಡ್ತಾರೆ ಅಜ್ಜಾ. ಟಿವಿ ನೋಡ್ತಾ ತಿಂತೀನಿ’ ಎಂದ. ನಿಯಮವನ್ನು ಮಗು ಚಾಚೂ ತಪ್ಪದೆ ಪಾಲಿಸುತ್ತಿದೆ, ಒಂಟಿಯಾಗಿ.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿ ಕುಳಿತಿದೆ. ನಾನು ಪಂಡಿತನಲ್ಲ. ಪಿಯುಸಿವರೆಗೆ ಓದಿ ಹುಬ್ಬಳ್ಳಿಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ಬಸದಿಯ ಕೆಲಸಕ್ಕೆ, ಚಾತುರ್ಮಾಸದ ಆಹಾರ ವ್ಯವಸ್ಥೆಗೆ ಸ್ವಯಂಸೇವಕನಾಗಿ ಓಡಾಡುವವನು. ಏನು ತಿನ್ನಬೇಕು, ಏನು ಬಿಡಬೇಕು ಎಂಬುದರ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಆ ಊಟ ನಮಗೆ ಯಾವ ಬಗೆಯ ಮಾತನ್ನು ಕಲಿಸಿತು, ಯಾವುದನ್ನು ಕಲಿಸಲಿಲ್ಲ ಎಂಬುದನ್ನು ನಾನು ಕಂಡಷ್ಟು ಹೇಳುತ್ತೇನೆ.

ಹೊತ್ತು ಕಟ್ಟಿದ ಪಂಕ್ತಿ

ರಾತ್ರಿಭೋಜನ ತ್ಯಾಗ ಎಲ್ಲರಿಗೂ ತಿಳಿದದ್ದೇ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದು ಇದು. ಅನ್ನ, ಪಾನ, ಖಾದ್ಯ, ಲೇಹ್ಯ, ಈ ನಾಲ್ಕನ್ನೂ ರಾತ್ರಿಯಲ್ಲಿ ಬಿಡುವುದು. ಕತ್ತಲಲ್ಲಿ ಕಾಣದ ಜೀವಿಗಳಿಗೆ ಹಿಂಸೆಯಾಗದಿರಲಿ ಎಂಬುದು ಕಾರಣ. ಕಟ್ಟುನಿಟ್ಟಾಗಿ ನಡೆಯುವವರು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಕೈ ತೊಳೆಯುತ್ತಾರೆ. ಬೆಂಗಳೂರಿನಲ್ಲಿ ಡಿಸೆಂಬರ್ ಆರಂಭಕ್ಕೆ ಸಂಜೆ 6 ಗಂಟೆಗೂ ಮೊದಲೇ ಸೂರ್ಯ ಮುಳುಗುತ್ತಾನೆ. ಎರಡು ಘಳಿಗೆ ಕಳೆದರೆ ಊಟ 5 ಗಂಟೆಯ ಸುಮಾರಿಗೆ ಮುಗಿಯಬೇಕು.

ಇದರಲ್ಲಿ ನಾವು ಗಮನಿಸದ ಒಂದು ಸಂಗತಿ ಇದೆ. ಬೇರೆ ಮನೆಗಳಲ್ಲಿ ಹಸಿದವರು ಹಸಿದಾಗ ಉಣ್ಣಬಹುದು, ಒಬ್ಬರು ಎಂಟಕ್ಕೆ, ಒಬ್ಬರು ಹತ್ತಕ್ಕೆ. ನಮ್ಮಲ್ಲಿ ಸೂರ್ಯ ಯಾರಿಗಾಗಿಯೂ ಕಾಯುವುದಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಕೂರುವುದು ಅನಿವಾರ್ಯವಾಗುತ್ತಿತ್ತು. ಬೆಳಗಾವಿ ಜಿಲ್ಲೆಯ ನಮ್ಮ ಊರಿನ ಮನೆಯಲ್ಲಿ ಹದಿನಾಲ್ಕು ಜನ. ಹೊಲಕ್ಕೆ ಹೋದ ಕಾಕಾ, ಅಂಗಡಿಯ ಅಪ್ಪ, ಸಾಲಿಯಿಂದ ಬಂದ ನಾವು, ಎಲ್ಲರೂ ಬಿಸಿಲು ಹಿತ್ತಲ ಗೋಡೆ ಹತ್ತುವ ಹೊತ್ತಿಗೆ ಪಡಸಾಲೆಯಲ್ಲಿ ಸಾಲಾಗಿ ಕೂತಿರುತ್ತಿದ್ದೆವು. ಜೋಳದ ರೊಟ್ಟಿ, ಹೆಸರುಬೇಳೆ, ಕಾಯಿಪಲ್ಲೆ, ಶೇಂಗಾ ಹಿಂಡಿ. ಯಾರೂ ‘ಒಟ್ಟಿಗೆ ಉಣ್ಣೋಣ’ ಎಂದು ಸಭೆ ಕರೆದಿರಲಿಲ್ಲ.

ಸನ್ನೆಯ ಭಾಷೆ

ಆ ಪಂಕ್ತಿಯಲ್ಲಿ ಗದ್ದಲ ಇರಲಿಲ್ಲ. ಊಟದ ವೇಳೆ ಮೌನ ಇರಬೇಕೆಂಬುದು ಶ್ರಾವಕಾಚಾರದಲ್ಲಿ ಬರುವ ಮಾತು. ಮುನಿಮಹಾರಾಜರ ಆಹಾರವನ್ನು ನೋಡಿದವರಿಗೆ ಇದರ ಮೂಲ ಗೊತ್ತು. ದಿನಕ್ಕೊಮ್ಮೆ, ನಿಂತು, ಬೊಗಸೆಯಲ್ಲಿ, ಮೌನವಾಗಿ. ನಮ್ಮ ಅಜ್ಜ ಪೂರ್ತಿ ಮೌನಿ. ಅಪ್ಪ, ಕಾಕಾ ಅರ್ಧ ಮೌನಿಗಳು. ಮಕ್ಕಳಿಗೆ ಎರಡನೆಯ ರೊಟ್ಟಿ ಮುಗಿದ ಮೇಲೆ ಮಾತಾಡಲು ಪರವಾನಗಿ.

ಅಂಗೈಯನ್ನು ಗಂಗಾಳದ ಮೇಲೆ ಅಡ್ಡ ಹಿಡಿದರೆ ‘ಸಾಕು’. ಬೆರಳ ತುದಿಗಳನ್ನು ಕೂಡಿಸಿ ತೋರಿಸಿದರೆ ‘ಚೂರೇ ಚೂರು’. ಆದರೆ ಅಜ್ಜನ ಒಂದು ಕಟ್ಟಳೆ ವಿಚಿತ್ರವಾಗಿತ್ತು: ಬೇಡ ಎನ್ನಲು ಸನ್ನೆ ಮಾಡಬಹುದು, ಬೇಕು ಎನ್ನಲು ಮಾಡಬಾರದು. ‘ಬೇಕು’ ಎನ್ನುವುದು ನಾಲಗೆಯ ಚಪಲ ಎಂದು ಅವನ ಲೆಕ್ಕ. ಹಾಗಾದರೆ ಹಸಿದವನಿಗೆ ಗತಿ? ಬಡಿಸುವವರು ನೋಡಬೇಕು. ನಮ್ಮ ಆಯಿ, ಅಂದರೆ ಅಜ್ಜಿ, ರೊಟ್ಟಿ ಬುಟ್ಟಿ ಹಿಡಿದು ಸಾಲಿನ ತುದಿಯಲ್ಲಿ ನಿಂತರೆ ಹದಿನಾಲ್ಕು ಗಂಗಾಳಗಳ ಮೇಲೂ ಅವಳ ಕಣ್ಣು. ಯಾರ ಕೈ ನಿಧಾನವಾಯಿತು, ಯಾರು ಪಲ್ಲೆ ಮುಗಿಸಿ ಬರೀ ರೊಟ್ಟಿ ಮುರಿಯುತ್ತಿದ್ದಾರೆ, ಯಾರ ಮುಖ ಬಾಡಿದೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಊಟವಾದ ಮೇಲೆ ಬಂದು ಮೆಲ್ಲಗೆ ಕೇಳುತ್ತಿದ್ದಳು, ‘ಯಾಕೋ ತಮ್ಮಾ, ಇವತ್ತ ಸಾಲ್ಯಾಗ ಏನರ ಆಗೇತೇನು?’

ಇದು ನಮ್ಮಂಥ ಮನೆಗಳಲ್ಲಿ ಬೆಳೆದವರ ಸ್ವಭಾವವನ್ನೇ ಮಾಡಿತು ಎಂದು ನನಗೆ ಅನ್ನಿಸುತ್ತದೆ. ನಾವು ಬಾಯಿಬಿಟ್ಟು ಕೇಳುವವರಲ್ಲ, ನೋಡಿ ತಿಳಿಯುವವರು. ವ್ಯಾಪಾರದಲ್ಲಿ ಇದು ನನಗೆ ಬಹಳ ಉಪಯೋಗವಾಗಿದೆ. ಗಿರಾಕಿ ಯಾವ ಪಾತ್ರೆಯನ್ನು ಎರಡನೇ ಸಲ ಮುಟ್ಟಿದ ಎಂದು ನೋಡಿದರೆ ಸಾಕು, ದರ ಹೇಳುವ ಮೊದಲೇ ಅರ್ಧ ವ್ಯಾಪಾರ ಮುಗಿದಿರುತ್ತದೆ. ಆದರೆ ಈ ಅಭ್ಯಾಸಕ್ಕೆ ತೆರಬೇಕಾದ ಬೆಲೆಯೂ ಇದೆ. ಅದಕ್ಕೆ ಮುಂದೆ ಬರುತ್ತೇನೆ.

ಬೇಡ ಎನ್ನುವ ರೀತಿ

ಬೇಡ ಎನ್ನುವುದಕ್ಕೂ ನಮ್ಮಲ್ಲಿ ಒಂದು ಭಾಷೆ ಇದೆ. ‘ನನಗೆ ಸೇರಲ್ಲ’ ಎಂದರೆ ಮಾಡಿದವರಿಗೆ ಬೇಸರ. ‘ಇವತ್ತು ನನಗೆ ತ್ಯಾಗ’ ಎಂದರೆ ಯಾರಿಗೂ ನೋವಿಲ್ಲ, ಭಾರ ಹೇಳಿದವನ ಮೇಲೆಯೇ. ಬಹಿರಂಗ ತಪಸ್ಸುಗಳು ಆರು. ಅವುಗಳಲ್ಲಿ ಮೊದಲ ನಾಲ್ಕು ಊಟಕ್ಕೇ ಸಂಬಂಧಿಸಿದವು. ಅನಶನ ಎಂದರೆ ಉಪವಾಸ. ಅವಮೌದರ್ಯ ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ವೃತ್ತಿಪರಿಸಂಖ್ಯಾನ ಎಂದರೆ ಆಹಾರಕ್ಕೆ ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ನಿಯಮ ಹಾಕಿಕೊಳ್ಳುವುದು. ರಸಪರಿತ್ಯಾಗ ಎಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದನ್ನೋ ಎಲ್ಲವನ್ನೋ ಬಿಡುವುದು. ದೊಡ್ಡ ಹೆಸರುಗಳು. ಮನೆಯಲ್ಲಿ ಇವು ಇಳಿದು ಬರುತ್ತಿದ್ದದ್ದು ಹೀಗೆ: ‘ಕಾಕೂಗ ಇವತ್ತ ಉಪ್ಪು ತ್ಯಾಗ, ಆಕೀ ಬ್ಯಾಳಿ ಬ್ಯಾರೆ ತಗೀರಿ.’ ಐದು ವರ್ಷದ ಮಗುವಿಗೂ ಗೊತ್ತಾಗುತ್ತಿತ್ತು, ತ್ಯಾಗ ಎಂದರೆ ಬೇರೆಯವರು ಹೇರಿದ್ದಲ್ಲ, ಕಾಕು ತಾನಾಗಿ ಹಿಡಿದದ್ದು.

ನನ್ನ ಬಾಲ್ಯದ ಒಂದು ಸಂಗತಿ. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಗೊಂಬೆಗಳ ಆರತಿ ಮಾಡುತ್ತಾರೆ. ಆನೆ, ಕುದುರೆ, ನವಿಲು. ಪಕ್ಕದ ಮನೆಯ ಗೆಳೆಯ ನನಗೊಂದು ಕೆಂಪು ಕುದುರೆ ಕೊಟ್ಟ. ಬಾಯಿಗಿಡುವಷ್ಟರಲ್ಲಿ ಆಯಿ ನೋಡಿದಳು. ಕಿತ್ತುಕೊಳ್ಳಲಿಲ್ಲ, ಬೈಯಲಿಲ್ಲ. ‘ಭಾಳ ಚೆಂದ ಐತಿ, ಗೂಡಿನ್ಯಾಗ ಇಡು, ನೋಡೂಣು’ ಎಂದಳು. ಸಂಜೆ ಊಟವಾಗಿ ಕೈ ತೊಳೆದ ಮೇಲೆ ಯಶೋಧರ ರಾಜನ ಕಥೆ ಶುರುವಾಯಿತು. ತಾಯಿಯ ಒತ್ತಾಯಕ್ಕೆ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ರಾಜ, ಆ ಸಂಕಲ್ಪಹಿಂಸೆಗಾಗಿ ತಾಯಿ-ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮ ಜನ್ಮ ಅಲೆದದ್ದು. ಇದೇ ಕಥೆಯನ್ನು ಜನ್ನ ಕವಿ 1209ರಲ್ಲಿ ಯಶೋಧರಚರಿತೆ ಎಂದು ಬರೆದನೆಂದು ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ. ಆಯಿಗೆ ಜನ್ನ ಗೊತ್ತಿರಲಿಲ್ಲ, ಓದೂ ಬರುತ್ತಿರಲಿಲ್ಲ. ಅವಳ ಅತ್ತೆ ಹೇಳಿದ್ದು, ಅಷ್ಟೆ. ಆ ಕುದುರೆಯನ್ನು ಕೊನೆಗೆ ಇರುವೆಗಳು ತಿಂದು ಮುಗಿಸಿದವು. ಅವಕ್ಕೆ ಯಾವ ತ್ಯಾಗವೂ ಇರಲಿಲ್ಲ.

ಈಗ ಮೊಮ್ಮಗನ ಗೆಳೆಯರ ಹುಟ್ಟುಹಬ್ಬದಲ್ಲಿ ಮೊಲದ ಆಕಾರದ ಕೇಕ್ ಬರುತ್ತದೆ. ‘ನಮಗೆ ನಡೆಯಲ್ಲ’ ಎನ್ನುತ್ತಾನೆ. ಯಾಕೆ ಎಂದರೆ ‘ಮನೇಲಿ ಬೈತಾರೆ’ ಎನ್ನುತ್ತಾನೆ. ನನಗೆ ಸಿಕ್ಕ ಕಥೆ ಅವನಿಗೆ ಸಿಕ್ಕಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ನಾವು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. ಎಷ್ಟೋ ಶಾಲೆಗಳಲ್ಲಿ ತರಗತಿಗೆ ಒಬ್ಬನೇ ಜೈನ ಹುಡುಗ. ಅವನು ದಿನವೂ ಯಾರಿಗಾದರೂ ತನ್ನ ಊಟದ ಡಬ್ಬಿಯ ಬಗ್ಗೆ ಹೇಳಲೇಬೇಕಾಗುತ್ತದೆ. ಕಥೆ ಗೊತ್ತಿದ್ದರೆ ಗೆಳೆಯರು ಕೂತು ಕೇಳುತ್ತಾರೆ. ಬರೀ ಪಟ್ಟಿ ಇದ್ದರೆ ನಗುತ್ತಾರೆ, ಇಲ್ಲವೇ ಇವನೇ ಮುಜುಗರಪಟ್ಟು ಒಂಟಿಯಾಗಿ ಕೂರುತ್ತಾನೆ.

ಎಲ್ಲ ಜೈನ ಮನೆಗಳೂ ಒಂದೇ ತರಹ ಎಂದು ನಾನು ಹೇಳುತ್ತಿಲ್ಲ. ಕಂದಮೂಲವನ್ನು ವರ್ಷವಿಡೀ ಬಿಟ್ಟವರಿದ್ದಾರೆ, ದಶಲಕ್ಷಣ ಪರ್ವದಲ್ಲಿ, ಅಷ್ಟಮಿ-ಚತುರ್ದಶಿಯಲ್ಲಿ ಮಾತ್ರ ಬಿಡುವವರೂ ಇದ್ದಾರೆ. ತುಳುನಾಡಿನ ಜೈನ ಮನೆಗಳಲ್ಲಿ ಹಿಂದೆ ಅಳಿಯಸಂತಾನ ಕಟ್ಟು ಇದ್ದುದರಿಂದ ಮನೆಯ ಹಿರಿತನ ಸೋದರಮಾವನದು, ಅಪ್ಪನದಲ್ಲ. ಹುಬ್ಬಳ್ಳಿ, ಬೆಂಗಳೂರಿನ ಶ್ವೇತಾಂಬರ ಬಂಧುಗಳ ಮನೆಗಳಲ್ಲಿ ಅಂಗಡಿಯ ಮಾತು ಕನ್ನಡ, ಊಟದ ಮಾತು ಮಾರವಾಡಿ, ಗುಜರಾತಿ ಅಥವಾ ಕಚ್ಛಿ. ಅವರಲ್ಲಿ ರಾತ್ರಿ ನಾಲ್ಕೂ ಆಹಾರ ಬಿಟ್ಟರೆ ಚೌವಿಹಾರ, ನೀರು ಮಾತ್ರ ಇಟ್ಟುಕೊಂಡರೆ ತಿವಿಹಾರ, ಬೆಳಿಗ್ಗೆ ಸೂರ್ಯೋದಯವಾಗಿ 48 ನಿಮಿಷ ಕಳೆದ ಮೇಲೆ ಬಾಯಿ ತೆರೆಯುವುದು ನವಕಾರಸಿ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರನ್ನು ನಾನು ಅವರ ಮನೆಗಳಲ್ಲಿ ನೋಡಿದ್ದೇನೆ, ಒಂದು ಅಗುಳೂ ವ್ಯರ್ಥವಾಗಬಾರದು. ಗುಜರಾತಿ ಮನೆಗಳಲ್ಲಿ ತರಕಾರಿಯನ್ನು ‘ಕತ್ತರಿಸು’ ಎನ್ನುವುದಿಲ್ಲ, ‘ಸಮಾರವುಂ’ ಎನ್ನುತ್ತಾರೆ, ಓರಣ ಮಾಡುವುದು ಎಂಬ ಅರ್ಥ. ನಮ್ಮ ಆಯಿಯೂ ‘ಕಡಿ’, ‘ಕೊಚ್ಚು’ ಎಂಬ ಮಾತನ್ನು ಅಡುಗೆಮನೆಯಲ್ಲಿ ಆಡಗೊಡುತ್ತಿರಲಿಲ್ಲ, ‘ಹೆಚ್ಚು’ ಎನ್ನಬೇಕಿತ್ತು. ಭಾಷೆ ಬೇರೆ, ಮಾತಿನ ಮೇಲಿನ ಕಾವಲು ಒಂದೇ.

ವಚನಶುದ್ಧಿ

ಈ ಕಾವಲು ಎಲ್ಲಿಂದ ಬಂತು ಎಂದು ಕೇಳಿದರೆ ನಾನು ಆಹಾರದಾನವನ್ನು ತೋರಿಸುತ್ತೇನೆ. ಶ್ರವಣಬೆಳಗೊಳದ ಶಾಸನಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಪ್ರಸ್ತಾಪವಿದೆ, ಆಹಾರವೇ ಮೊದಲು. ಮುನಿಗಳಿಗೆ ಆಹಾರ ಕೊಡುವಾಗ ನವಧಾಭಕ್ತಿ: ಪ್ರತಿಗ್ರಹ, ಉಚ್ಚಾಸನ, ಪಾದಪ್ರಕ್ಷಾಲನ, ಅರ್ಚನೆ, ಪ್ರಣಾಮ, ನಂತರ ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಶುದ್ಧಿ. ಅಡುಗೆ ಶುದ್ಧವಾಗಿದೆ ಎನ್ನುವುದಕ್ಕೆ ಮೊದಲು ನನ್ನ ಮಾತು ಶುದ್ಧವಾಗಿದೆ ಎಂದು ಗೃಹಸ್ಥನು ಬಾಯಿಬಿಟ್ಟು ಹೇಳಬೇಕು. ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಜಗಳಾಡಿ ಹತ್ತು ಗಂಟೆಗೆ ಬಾಗಿಲಲ್ಲಿ ಕಲಶ ಹಿಡಿದು ನಿಂತು ವಚನಶುದ್ಧಿ ಎಂದರೆ ಅದನ್ನು ಹೇಳುವ ನಾಲಗೆಗೇ ಗೊತ್ತು, ನಿಜವೋ ಸುಳ್ಳೋ ಎಂದು.

ಒಂದು ಚಾತುರ್ಮಾಸದಲ್ಲಿ ನಾನು ಚೌಕದ ಪಾಳಿ ಬರೆಯುತ್ತಿದ್ದೆ. ಆಸ್ತಿಯ ವಿಷಯಕ್ಕೆ ಮೂರು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಎರಡು ಮನೆಗಳಿಗೆ ನನ್ನ ಅಜಾಗರೂಕತೆಯಿಂದ ಒಂದೇ ದಿನ, ಒಂದೇ ಚೌಕ ಬಿತ್ತು. ಬದಲಿಸಲು ಹೋದೆ, ಇಬ್ಬರೂ ‘ಇರಲಿ ಬಿಡ್ರಿ’ ಎಂದರು. ಅಂದು ಬೆಳಗಿನ ಜಾವ ದೊಡ್ಡ ಸೊಸೆ ನೀರು ಸೋಸುತ್ತಿದ್ದಳು, ಚಿಕ್ಕವಳು ಗೋದಿ ಹಿಟ್ಟು ನಾದುತ್ತಿದ್ದಳು. ಮೊದಲ ಮಾತು ಬಂದದ್ದು ‘ವೈನಿ, ನೀರು ಕಾದಾವೇನು?’ ಎಂದು. ಅಷ್ಟೇ. ಆ ವ್ಯಾಜ್ಯ ಇನ್ನೂ ಕೋರ್ಟಿನಲ್ಲಿದೆ. ಆದರೆ ಮರುವರ್ಷ ಒಂದು ಮನೆಯ ಮದುವೆಗೆ ಇನ್ನೊಂದು ಮನೆಯವರು ಬಂದು ಪಂಕ್ತಿಯಲ್ಲಿ ಉಂಡು ಹೋದರು.

ಆಯಿಯ ಇನ್ನೊಂದು ನಿಯಮ ಇದಕ್ಕೇ ಸೇರಿದ್ದು: ‘ಉಣ್ಣೋ ಮುಂದ ಮಕ್ಕಳಿಗೆ ಬೈಬ್ಯಾಡ್ರಿ, ತುತ್ತು ಮೈಗೆ ಹತ್ತೂದಿಲ್ಲ.’ ಕೈ ಗಂಗಾಳದಲ್ಲಿರುವಾಗ ಯಾರಿಗೂ ಬೈಗುಳವಿಲ್ಲ, ಲೆಕ್ಕ ಕೇಳುವುದಿಲ್ಲ. ಏನಿದ್ದರೂ ಕೈ ತೊಳೆದ ಮೇಲೆ.

ನಾನು ತಪ್ಪಿದ ಜಾಗ

ಈ ನಿಯಮವನ್ನು ಮುರಿದವನು ನಾನೇ. ನನ್ನ ಅಪ್ಪನ ಕಾಲದಲ್ಲಿ ಸಂಜೆ ಐದಕ್ಕೆ ಮನೆಯಿಂದ ಅಂಗಡಿಗೆ ಡಬ್ಬಿ ಬರುತ್ತಿತ್ತು. ಪೇಟೆಯ ನಮ್ಮವರು ಮೂರು ನಾಲ್ಕು ಮಂದಿ ಒಂದು ಅಂಗಡಿಯ ಹಿಂದೆ ಕೂಡಿ ಉಣ್ಣುತ್ತಿದ್ದರು. ನಾನು ಗಲ್ಲೆಗೆ ಬಂದಾಗ ಸಂಜೆಯ ವ್ಯಾಪಾರ ಬಿಡಲಾಗದೆ ಡಬ್ಬಿ ಬಿಟ್ಟೆ. ರಾತ್ರಿ ಒಂಬತ್ತೂವರೆಗೆ ಮನೆಗೆ ಹೋಗಿ ಉಣ್ಣುತ್ತಿದ್ದೆ, ಹೆಂಡತಿ ಬಡಿಸಿ ನಿಂತಿರುತ್ತಿದ್ದಳು. ಅವಳೂ ಮಕ್ಕಳೂ ಆರಕ್ಕೇ ಉಂಡಿರುತ್ತಿದ್ದರು. ವ್ರತ ಮುರಿದದ್ದಕ್ಕೆ ಪ್ರಾಯಶ್ಚಿತ್ತ ಇದೆ. ಆದರೆ ಹದಿನೈದು ವರ್ಷ ಮಕ್ಕಳ ಜೊತೆ ಕೂತು ಉಣ್ಣದಿದ್ದದ್ದಕ್ಕೆ ಏನಿದೆ ಎಂದು ಯಾವ ಮಹಾರಾಜರನ್ನೂ ಕೇಳಲು ನನಗೆ ಧೈರ್ಯವಾಗಲಿಲ್ಲ.

ಅಂಗಡಿ ರಜೆ ಇದ್ದ ದಿನ ಒಟ್ಟಿಗೆ ಕೂರುತ್ತಿದ್ದೆವು. ಇದ್ದದ್ದು ಅದೊಂದೇ ಹೊತ್ತು ಎಂದು ನಾನು ವಾರದ ಲೆಕ್ಕವನ್ನೆಲ್ಲ ಆಗಲೇ ತೆಗೆಯುತ್ತಿದ್ದೆ: ಗಣಿತದಲ್ಲಿ ಎಷ್ಟು ಬಂತು, ಟ್ಯೂಷನ್ ಯಾಕೆ ತಪ್ಪಿಸಿದೆ. ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ಅದನ್ನು ವಿನಯ ಎಂದುಕೊಂಡೆ. ಡಿಗ್ರಿ ಮುಗಿದು ಎರಡು ವರ್ಷ ಅವನು ಅಂಗಡಿಯಲ್ಲಿ ಕೂತ. ತನಗೆ ಈ ವ್ಯಾಪಾರ ಬೇಡ, ಬೆಂಗಳೂರಿಗೆ ಹೋಗಬೇಕು ಎಂಬುದನ್ನು ಆ ಎರಡು ವರ್ಷ ನನಗೆ ಹೇಳಲಾಗದೆ ಕೊನೆಗೆ ತಾಯಿಯ ಮೂಲಕ ಹೇಳಿಸಿದ. ಬಹಳ ವರ್ಷಗಳ ಮೇಲೆ, ಸಿಟ್ಟಿಲ್ಲದೆ ಒಂದು ಮಾತು ಅಂದ: ‘ಅಪ್ಪಾ, ನೀವು ಊಟಕ್ಕ ಕರದ್ರ ವಿಚಾರಣೆಗೆ ಕರದಂಗ ಅನಸ್ತಿತ್ತು.’

ನೋಡಿ, ಬೇಕು ಎಂದು ಬಾಯಿಬಿಡದಿರುವುದನ್ನು ನಾವು ಕಲಿಸುತ್ತೇವೆ. ಅದು ನಡೆಯುವುದು ರೊಟ್ಟಿ ಬುಟ್ಟಿ ಹಿಡಿದು ಮುಖ ನೋಡುವ ಆಯಿ ಇದ್ದಾಗ. ನೋಡುವವರು ಇಲ್ಲದ ಮನೆಯಲ್ಲಿ ಅದೇ ಶಿಸ್ತು ಮೂಕತನವಾಗುತ್ತದೆ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಮದುವೆಯ ವಿಷಯ, ನೌಕರಿಯ ವಿಷಯ, ಸಾಲದ ವಿಷಯ ತೀರಾ ಕೊನೆಗೆ ಹೊರಬೀಳುವುದನ್ನು ಕಂಡಿದ್ದೇನೆ. ಎಲ್ಲ ಒಳ್ಳೆಯ ಮನೆಗಳೇ.

ಯಾರ ಸಮಯ?

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಐದೂವರೆಗೆ ಊಟ ಎಂದರೆ ನಾಲ್ಕಕ್ಕೆ ಒಲೆ ಹಚ್ಚಬೇಕು. ಹಚ್ಚುತ್ತಿದ್ದವರು ಹೆಂಗಸರು. ಸಾಲಾಗಿ ಕೂತ ಹದಿನಾಲ್ಕು ಜನರ ಚಿತ್ರವನ್ನು ನಾನು ಹೆಮ್ಮೆಯಿಂದ ಬರೆದೆ. ಆದರೆ ಆಯಿ, ಅವ್ವ, ಕಾಕು ಉಣ್ಣುತ್ತಿದ್ದದ್ದು ಕೊನೆಗೆ, ಸೂರ್ಯನ ಜೊತೆ ಓಡುತ್ತ, ಗಬಗಬನೆ. ಕೆಲವು ದಿನ ಹೊತ್ತು ಮೀರಿ ಉಣ್ಣದೆಯೇ ಮಲಗುತ್ತಿದ್ದರು, ಅದನ್ನು ಉಪವಾಸ ಎಂದು ನಾವು ಕರೆಯುತ್ತಿದ್ದೆವು. ಮುನಿಗಳ ಆಹಾರದ ದಿನ ಗಂಡಸರೂ ಮಿಂದು, ಮಡಿ ಧೋತರ ಉಟ್ಟು, ತುತ್ತು ಕೊಡಲು ನಿಲ್ಲುತ್ತೇವೆ. ಅದೇ ಕೈಗಳು ಮನೆಯಲ್ಲಿ ಒಂದು ರೊಟ್ಟಿ ತಟ್ಟುವುದಿಲ್ಲ. ಸೊಸೆಯಂದಿರು ನೌಕರಿಗೆ ಹೋಗಿ ಏಳೂವರೆಗೆ ಬರುವ ಈ ಕಾಲದಲ್ಲಿ ‘ನಮ್ಮ ಸಂಸ್ಕಾರ ಹೋಯಿತು’ ಎಂದು ಬಸದಿಯ ಕಟ್ಟೆಯಲ್ಲಿ ಕೂತು ಹೇಳುವವರಿಗೆ ನಾನು ಕೇಳುವುದು ಒಂದೇ: ನಿವೃತ್ತರಾಗಿದ್ದೀರಲ್ಲ, ನಾಲ್ಕು ಗಂಟೆಗೆ ನೀವೇನು ಮಾಡುತ್ತಿರುತ್ತೀರಿ?

ಅಂಗಡಿಯಲ್ಲಿಯೂ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಮೊದಲು ಮದುವೆಗೆ ಗಂಗಾಳ ಡಜನ್ ಲೆಕ್ಕದಲ್ಲಿ ಹೋಗುತ್ತಿತ್ತು. ಈಗ ನಾಲ್ಕು ತಟ್ಟೆಯ ಸೆಟ್ಟು, ಜೊತೆಗೆ ಬಿಸಿ ಆರದ ಡಬ್ಬಿ ಮೂರು, ಒಬ್ಬೊಬ್ಬರಿಗೊಂದು.

ಬೆಂಗಳೂರಿನ ಮನೆಯಲ್ಲಿ ಸಂಜೆಯ ಊಟ ಒಟ್ಟಿಗೆ ಆಗದು ಎಂದು ಒಪ್ಪಿಕೊಂಡೆವು. ಸೊಸೆಯೇ ಒಂದು ದಾರಿ ಹೇಳಿದಳು. ಬೆಳಿಗ್ಗೆ ಏಳೂಕಾಲಿಗೆ ಎಲ್ಲರೂ ಕೂತು ತಿಂಡಿ, ಹದಿನೈದೇ ನಿಮಿಷ, ಮೊಬೈಲ್ ಒಳಗಿನ ಕೋಣೆಯಲ್ಲಿ. ಅವಳು ಆಫೀಸಿಗೆ ಸಂಜೆಯ ಡಬ್ಬಿ ಒಯ್ದು ಐದೂವರೆಗೆ ಅಲ್ಲೇ ಉಣ್ಣುತ್ತಾಳೆ. ಭಾನುವಾರ ಮಾತ್ರ ಸಂಜೆಯ ಪಂಕ್ತಿ, ಅಡುಗೆ ಮಗನದು. ಅವನ ರೊಟ್ಟಿ ಇನ್ನೂ ದುಂಡಗಾಗಿಲ್ಲ. ಅಜ್ಜನ ಕಟ್ಟಳೆಯನ್ನು ಅರ್ಧ ಬದಲಿಸಿದೆವು. ಬೇಡ ಎನ್ನಲು ಸನ್ನೆ, ಬೇಕು ಎನ್ನಲು ಬಾಯಿ.

ಈ ಸಲ ದಶಲಕ್ಷಣ ಪರ್ವಕ್ಕೆ ಮೊದಲು ಹೋಗಿದ್ದಾಗ ಭಾನುವಾರ ಐದೂವರೆಗೆ ಕೂತೆವು. ಮೊಮ್ಮಗ ಮೂರು ಸಲ ‘ಪಪ್ಪಾ, ಬೇಳೆ ಬೇಕು’ ಎಂದ. ಆಮೇಲೆ ಅಂಗೈ ಅಡ್ಡ ಹಿಡಿದು ‘ಸಾಕು’ ತೋರಿಸಿದ. ಕೈ ತೊಳೆದು ಬಂದವನು ನನ್ನ ತಟ್ಟೆಯನ್ನು ಒಮ್ಮೆ ನೋಡಿ, ಏನೂ ಕೇಳದೆ ಒಳಗೆ ಹೋಗಿ ಒಂದು ರೊಟ್ಟಿ ತಂದು ಹಾಕಿದ. ನನ್ನ ಹೊಟ್ಟೆ ತುಂಬಿತ್ತು. ಅಂಗೈ ಅಡ್ಡ ಹಿಡಿಯಲಿಲ್ಲ, ಉಂಡೆ.